ನಮ್ಮವ್ವನನ್ನು ಕೊಂದ ಸಿನಿಮಾ

ಪತ್ತೇದಾರಿ ಸಿನಿಮಾಕ್ಕೆ ಹೋದಾಗ ನನ್ನ ಪಕ್ಕದ ಸೀಟಿನಲ್ಲಿ ಕೂರಲು ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಇಂಟರ್‌ವಲ್ಲಿಗೆ ಮೊದಲೇ ನಾನು ಕೊಲೆಗಾರನನ್ನು ಹಿಡಿದುಬಿಡುತ್ತೇನೆ ಎನ್ನುವುದೇ ಅದಕ್ಕೆ ಕಾರಣ. ಹಿಡಿದು ಸುಮ್ಮನಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಪಕ್ಕದವರಿಗೆ ಹೇಳದೆ ನನಗೆ ಗುಟುಕು ನೀರೂ ಇಳಿಯುವುದಿಲ್ಲ. ಮೊನ್ನೆ ಚಿತ್ರದುರ್ಗದ ಥಿಯೇಟರಿನಲ್ಲಿ "ಆ ಡಾಕ್ಟರೇ ಕಣ್ರಿ" ಎಂದು ನಮ್ಮ ಮನೆಯವರ ಕಿವಿಯಲ್ಲಿ ಪಿಸುಗುಟ್ಟಿದೆ. ನನ್ನ ಪಿಸುಮಾತು ಹೈಸ್ಕೂಲಿನ ಕೊನೇ ಬೆಂಚಿಗೆ ಕೇಳಿಸಿ ಕೇಳಿಸಿ ಪಳಗಿದ್ದು. ಮುಂದಿನ ಸಾಲಿನಿಂದ ಒಬ್ಬ ತಿರುಗಿ ಕೈಮುಗಿದ. "ಮೇಡಂ, ನಾವೂ ಟಿಕೆಟ್ ತಗಂಡೇ ಬಂದೀವ್ರಿ." ನೋಡಿದರೆ ನನ್ನ ಹಳೆಯ ಶಿಷ್ಯ. ಹತ್ತನೇ ತರಗತಿ ಮುಗಿಯುವವರೆಗೂ ಭಿನ್ನರಾಶಿ ಕೂಡಲು ಬಾರದಿದ್ದವನು ಈಗ ನನಗೇ ಬುದ್ಧಿ ಹೇಳುತ್ತಾನೆ!

ಡಾಕ್ಟರೇ ಕೊಲೆಗಾರನಾಗಿದ್ದ, ಆ ಮಾತು ಬೇರೆ.

ಈ ಸರಣಿ ಕೊಲೆಯ ಸಿನಿಮಾಗಳನ್ನು ನೋಡಿ ನೋಡಿ ನನಗೆ ಅವುಗಳ ಮೂಳೆ ಮಾಂಸವೆಲ್ಲ ಗೊತ್ತು. ಪತ್ತೇದಾರನಿಗೆ ನಿದ್ದೆ ಬರುವುದಿಲ್ಲ. ಹೆಂಡತಿ ಬಿಟ್ಟು ಹೋಗಿರುತ್ತಾಳೆ, ಇಲ್ಲವೇ ಹೋಗುವ ಹಂತದಲ್ಲಿರುತ್ತಾಳೆ. ಮನೆಯ ಗೋಡೆಗೆ ಸತ್ತವರ ಫೋಟೋ ಅಂಟಿಸಿ, ಒಂದರಿಂದ ಇನ್ನೊಂದಕ್ಕೆ ಕೆಂಪು ದಾರ ಎಳೆದಿರುತ್ತಾನೆ. ಅಂಥ ಗೋಡೆಯಿದ್ದ ಮೇಲೆ ಹೆಂಡತಿ ಯಾಕೆ ಇರುತ್ತಾಳೆ ಹೇಳಿ? ಇನ್ನು ಕೊಲೆಗಾರ. ಅವನು ಕರಿ ರೇನ್‌ಕೋಟು ಹಾಕಿ, ತಲೆ ಮುಚ್ಚಿಕೊಂಡು, ಮಾತಿಲ್ಲದೆ ಊರೂರು ತಿರುಗುತ್ತಾನೆ. ನಮ್ಮ ಸೀಮೆಯಲ್ಲಿ ಅವನ ಆಟ ನಡೆಯುವುದಿಲ್ಲ. ಹಿರಿಯೂರಿನಲ್ಲಿ ಹೊಸದುರ್ಗದ ಬಸ್ಸು ಹತ್ತಿದರೆ ಸಾಕು, ಪಕ್ಕದವನು "ಯಾವೂರಾತಪ್ಪ?" ಎಂದು ಶುರುಮಾಡಿ, ಯಾವ ಮಠಕ್ಕೆ ನಡಕೊಳ್ಳುತ್ತಾನೆ, ಹೆಣ್ಣು ಎಲ್ಲಿಂದ ತಂದಿದ್ದಾನೆ, ಮಳೆಯಿಲ್ಲದೆ ಇದೇನು ವೇಷ ಎಂದೆಲ್ಲ ಕೇಳಿ, ಇಳಿಯುವುದರೊಳಗೆ ದೂರದ ನೆಂಟಸ್ತಿಕೆಯನ್ನೂ ಹುಡುಕಿರುತ್ತಾನೆ. ನೆಂಟರಾದ ಮೇಲೆ ಕೊಲ್ಲುವುದು ಅಷ್ಟು ಸುಲಭವಲ್ಲ.

ಕೊಲೆಗಾರನನ್ನು ಹಿಡಿಯುವ ವಿದ್ಯೆ ನನಗೆ ಬಂದದ್ದು ನಮ್ಮ ಸೋದರಮಾವನಿಂದ. ಅವ್ವನ ಒಬ್ಬನೇ ತಮ್ಮ ತಿಪ್ಪೇಶ ಮಾವ, ಹೊರಕೆರೆದೇವಪುರದವನು. ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದಾಗ ಸೈಕಲ್ಲಿನ ಮುಂದಿನ ಕಂಬಿಗೆ ಟವಲ್ಲು ಸುತ್ತಿ ನನ್ನನ್ನು ಕೂರಿಸಿಕೊಂಡು ಹೊಳಲ್ಕೆರೆಯ ಟೆಂಟಿಗೆ ಕರೆದೊಯ್ಯುತ್ತಿದ್ದ. ಮರಳಿನ ನೆಲ. ಮುಂದೆ ದೊಡ್ಡ ತಲೆಯವರು ಕೂತರೆ ಕೈಯಿಂದ ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂತು ನಮ್ಮ ತಲೆಯನ್ನೂ ಎತ್ತರಿಸಿಕೊಳ್ಳುತ್ತಿದ್ದೆವು. ಹಾಗೆ ಎತ್ತರಿಸಿಕೊಂಡವರ ಹಿಂದಿನವರು ಇನ್ನೂ ದೊಡ್ಡ ಗುಡ್ಡೆ ಮಾಡುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಟೆಂಟಿನ ಹಿಂಭಾಗದಲ್ಲಿ ಚಿತ್ರದುರ್ಗದ ಬೆಟ್ಟಗಳೇ ಎದ್ದಿರುತ್ತಿದ್ದವು. ರೀಲು ಬದಲಿಸಲು ದೀಪ ಹಾಕಿದಾಗ ಮಾವ ಮಂಡಕ್ಕಿ ಪೊಟ್ಟಣ ಬಿಚ್ಚಿ, ನನ್ನ ಕಡೆ ಹಿಡಿದು ಕೇಳುತ್ತಿದ್ದ.

"ಯಾರು ಹೇಳು ನೋಡಾಣ?"

"ಆ ಮೀಸೆ ಮಾಮ."

"ಛೆ, ಮೀಸೆ ಇದ್ದೋರೆಲ್ಲ ಕೊಲೆ ಮಾಡಿದ್ರೆ ಊರಾಗೆ ಯಾರೂ ಉಳಿಯಲ್ಲ. ಎಲ್ರಿಗಿಂತ ಜಾಸ್ತಿ ಸಮಾಧಾನ ಹೇಳ್ತಾನೆ ನೋಡು, ಅವನ ಮ್ಯಾಲೆ ಕಣ್ಣಿಡು."

ಇಷ್ಟೇ ವಿದ್ಯೆ. ಇದನ್ನಿಟ್ಟುಕೊಂಡು ನಾನು ಇವತ್ತಿನವರೆಗೆ ಸಿನಿಮಾದ ಕೊಲೆಗಾರರನ್ನಷ್ಟೇ ಅಲ್ಲ, ಪರೀಕ್ಷೆಯಲ್ಲಿ ಚೀಟಿ ತಂದವರನ್ನೂ ಹಿಡಿದಿದ್ದೇನೆ. "ಟೀಚರ್, ನೀರು ತಂದು ಕೊಡ್ಲಾ?" ಎಂದು ಪರೀಕ್ಷೆಯ ದಿನ ವಿನಯ ತೋರಿಸುವವನ ಅಂಗಿಯ ತೋಳು ಬಿಚ್ಚಿಸಿ ನೋಡಿ, ನನ್ನ ಮಾತು ಸುಳ್ಳಾಗುವುದಿಲ್ಲ.

ಇಂಥ ಮಾವ ನಮ್ಮ ಮನೆಯ ಹೊಸ್ತಿಲು ತುಳಿಯದೆ ಇಪ್ಪತ್ತು ವರ್ಷದ ಮೇಲಾಗಿತ್ತು. ಕಾರಣ ನನ್ನ ಮದುವೆ. ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ನಮ್ಮಲ್ಲಿ ಸೋದರಮಾವನ ಹಕ್ಕು. ಅವತ್ತು ಮಾವನ ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು. ಮುಹೂರ್ತ ಮೀರುತ್ತದೆಂದು ಹಿರಿಯರು ಅವಸರ ಮಾಡಿದರು. ಅವ್ವ ಬಾಗಿಲ ಕಡೆ ನೋಡಿ ನೋಡಿ ಕೊನೆಗೆ "ಆತು, ನಡೀರಿ" ಎಂದಳು. ನಮ್ಮ ದೊಡ್ಡಪ್ಪ ನನ್ನ ಕೈ ಹಿಡಿದರು. ಧಾರೆಯ ಹೊತ್ತಿಗೆ ಮಾವ ಬೆವರಿಳಿಸುತ್ತ ಬಂದವನು, ಮಂಟಪದಲ್ಲಿ ಆಗಲೇ ಕೂತಿದ್ದ ನನ್ನನ್ನು ಬಾಗಿಲಲ್ಲೇ ನಿಂತು ನೋಡಿ, ತಂದಿದ್ದ ಗಂಟನ್ನು ಯಾರದೋ ಕೈಗೆ ಕೊಟ್ಟು ಹಾಗೇ ತಿರುಗಿ ಹೋದನಂತೆ. ನಮಗೆ ಗೊತ್ತಾದದ್ದು ಊಟದ ಹೊತ್ತಿಗೆ.

ಆಮೇಲೆ ಶುರುವಾಯಿತು ನೋಡಿ. "ನಾನು ಹಿರೇಳು. ಅವನೇ ಬರಬೇಕು" ಎಂದು ಅವ್ವ. "ಕೈ ಬಿಟ್ಟೋಳು ಅವಳು. ಅವಳೇ ಕರೀಬೇಕು" ಎಂದು ಮಾವ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಟದಲ್ಲಿ ಒಬ್ಬರಿಗೊಬ್ಬರು ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲ. ನಾನು ಮಾತ್ರ ಹಬ್ಬಹರಿದಿನಕ್ಕೆ ಮಾವನಿಗೆ ಫೋನು ಮಾಡುತ್ತಿದ್ದೆ. ಅವನು ನನ್ನ ಮಕ್ಕಳನ್ನು ಕೇಳುತ್ತಿದ್ದ, ನಮ್ಮ ಮನೆಯವರನ್ನು ಕೇಳುತ್ತಿದ್ದ, ಕೊನೆಗೆ "ಊರಾಗೆ ಎಲ್ಲಾ ಅರಾಮ?" ಎನ್ನುತ್ತಿದ್ದ. ಊರು ಎಂದರೆ ಅವ್ವ. "ಅರಾಮ ಮಾವ" ಎಂದರೆ ಫೋನು ಇಡುತ್ತಿದ್ದ.

ಅವ್ವನಿಗೂ ಒಳಗೊಳಗೆ ಕೊರಗು. ಮೇಲೆ ಮಾತ್ರ ಗಟ್ಟಿ. ಒಮ್ಮೆ ಜ್ವರ ಬಂದು ಮಲಗಿದ್ದಾಗ ನನ್ನ ಕೈ ಹಿಡಿದು, "ನಾನು ಸತ್ತಾಗ್ಲಾದ್ರೂ ತವರಿನ ಸೀರೆ ಹೊದಿಸಾಕೆ ಬರ್ತಾನೇನೇ ಅವನು?" ಎಂದು ಕೇಳಿದ್ದಳು. ಹೆಣ್ಣುಮಗಳು ತೀರಿಕೊಂಡರೆ ತವರಿನಿಂದ ಸೀರೆ ಬರಬೇಕು, ಅದನ್ನು ಹೊದಿಸಿಯೇ ಮಣ್ಣಿಗೆ ಕಳಿಸಬೇಕು. ಆ ಸೀರೆ ಬಾರದೆ ಹೋದ ಹೆಣ್ಣನ್ನು ಕಂಡರೆ ಊರಿನ ಹೆಂಗಸರು ಮರುಗುತ್ತಾರೆ. ಬರ್ತಾನೆ ಬಿಡವ್ವ ಎಂದು ಧೈರ್ಯವಾಗಿ ಹೇಳಿದ್ದೆ. ಒಳಗೆ ಮಾತ್ರ ನನಗೆ ಗೊತ್ತಿರಲಿಲ್ಲ. ಕೊಲೆಗಾರನನ್ನು ಹಿಡಿಯುವ ನನ್ನ ವಿದ್ಯೆ ತಮ್ಮಂದಿರ ವಿಷಯದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹೀಗಿರುವಾಗ ಹಿರೇಗುಂಟನೂರಿಗೆ ಒಂದು ಸಿನಿಮಾ ತಂಡ ಬಂತು. ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಅವ್ವ ಇದ್ದಾಳೆ. ನಮ್ಮದು ಮಣ್ಣಿನ ಮಾಳಿಗೆ ಮನೆ, ಹತ್ತಿರ ಹತ್ತಿರ ಕಟ್ಟಿದ ಮನೆಗಳ ಮಾಳಿಗೆಗಳು ಒಂದಕ್ಕೊಂದು ಕೂಡಿಕೊಂಡಿವೆ. ನಡುಮನೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ. ಅದನ್ನು ಕಂಡು ಗಡ್ಡದ ಹುಡುಗ ನಿರ್ದೇಶಕ ಕುಣಿದಾಡಿಬಿಟ್ಟ. ಅವನದು ಸರಣಿ ಕೊಲೆಗಾರನ ಕಥೆ. ಪತ್ತೇದಾರ ಬೆನ್ನು ಹತ್ತುತ್ತಾನೆ, ಪ್ರತಿಸಲ ಒಂದು ಹೆಜ್ಜೆ ತಡವಾಗಿ ಬರುತ್ತಾನೆ. ಮುಂದಿನ ಕೊಲೆ ಈ ಮನೆಯಲ್ಲಿ, ಒಬ್ಬ ಮುದುಕಿಯದು. ಚಿತ್ರೀಕರಣ ಭಾನುವಾರ ಎಂದು ಗೊತ್ತಾಗಿ ನಾನೂ ಬೆಳಗಿನ ಬಸ್ಸಿಗೇ ಹೋದೆ. ಪತ್ತೇದಾರರಿಗೆ ಏನಾದರೂ ಅನುಮಾನ ಬಂದರೆ ಕೇಳಲು ಒಬ್ಬರು ಬೇಕಲ್ಲ.

ನಾನು ಹೋಗುವುದರೊಳಗೆ ಅವ್ವ ಆಗಲೇ ವಿಚಾರಣೆ ಶುರುಮಾಡಿದ್ದಳು.

"ಈ ಬೆಳಕಿಂಡಿಯಿಂದ ಕೊಲೆಗಾರ ಇಳೀತಾನೆ ಅಜ್ಜಿ" ಎಂದ ನಿರ್ದೇಶಕ.

"ಅದರಾಗೆ ನಮ್ಮನೆ ಬೆಕ್ಕೇ ಸಿಗಾಕ್ಕಂಡಿತ್ತು. ನಿನ್ನ ಕೊಲೆಗಾರ ಏನು ಹಾವೇನಪ್ಪ? ಬಾಗ್ಲು ತೆಗೆದೇ ಇರ್ತೈತೆ, ಬಾ ಅನ್ನು."

"ಅವನು ಸೈಕೋ ಅಜ್ಜಿ. ತಲೆ ಸರಿ ಇರಲ್ಲ."

"ತಲೆ ಸರಿ ಇಲ್ದೋರೂ ಬಾಗ್ಲಾಗೇ ಬರ್ತಾರೆ."

ಮುದುಕಿಯ ಪಾತ್ರಕ್ಕೆ ಗೊತ್ತು ಮಾಡಿದ್ದ ಹೆಂಗಸು ಆವತ್ತು ಬರಲಿಲ್ಲ. ಮೈ ಹುಷಾರಿಲ್ಲವೆಂದು ಫೋನು ಬಂತು. ನಿರ್ದೇಶಕ ತಲೆ ಕೆರೆದುಕೊಳ್ಳುತ್ತ ಅವ್ವನನ್ನೇ ನೋಡಿದ. ನನ್ನ ತಮ್ಮ, ಬದುಕಿರುವವರು ಹೆಣದ ವೇಷ ಹಾಕುವುದು ಅಪಶಕುನ ಎಂದು ಅಡ್ಡ ಬಂದ. "ಸತ್ತ ಸುದ್ದಿ ಹಬ್ಬಿದ್ರೆ ಆಯುಸ್ಸು ಜಾಸ್ತಿ ಆಗ್ತೈತೆ, ನಿಂಗೇನು ಗೊತ್ತು?" ಎಂದು ಅವ್ವ ಅವನ ಬಾಯಿ ಮುಚ್ಚಿಸಿದಳು. ಆಸೆ ಅವಳ ಕಣ್ಣಿನಲ್ಲೇ ಕಾಣುತ್ತಿತ್ತು.

ಆದರೆ ಹೆಣವಾಗುವುದಕ್ಕೂ ಅವಳದೊಂದು ರೀತಿಯಿತ್ತು. ಅವಳನ್ನು ನೆಲದ ಮೇಲೆ ಅಡ್ಡಡ್ಡ ಮಲಗಿಸಿ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಹುಡುಗರು ಬಂದರೆ, ಎದ್ದು ಕೂತಳು.

"ಇದೇನ್ರಪ್ಪ ಇದು, ನನ್ನ ಸುತ್ತ ರಂಗೋಲಿ? ನಮ್ಮಲ್ಲಿ ಸತ್ತೋರನ್ನ ಮಲಗ್ಸಲ್ಲ. ಗೋಡೆಗೆ ಒರಗಿಸಿ ಕುಂದ್ರುಸ್ತಾರೆ. ಇಬತ್ತಿ ಎಲ್ಲಿ? ಹಾರ ಎಲ್ಲಿ?"

"ಆದ್ರೆ ಅಜ್ಜಿ, ಕೊಲೆ ಆಗಿರೋರು..."

"ಕೊಲೆ ಆದ್ರೇನು, ರೀತಿ ನೀತಿ ಬ್ಯಾಡ್ವಾ?"

ನಿರ್ದೇಶಕನ ಮುಖ ಅರಳಿತು. ಕೊಲೆಗಾರ ತಾನು ಕೊಂದವರನ್ನೆಲ್ಲ ಹೀಗೆ ಪದ್ಧತಿ ಪ್ರಕಾರ ಕೂರಿಸಿ ಹೋಗುತ್ತಾನೆ, ಯಾಕೆಂದರೆ ಅವನಿಗೆ ತನ್ನ ತಾಯಿಯ ಮಣ್ಣಿಗೆ ಬರಲು ಆಗಿರಲಿಲ್ಲ, ಆ ಗಾಯವೇ ಅವನನ್ನು ಕೆಡಿಸಿದೆ ಎಂದು ನಿಂತಲ್ಲೇ ಕಥೆ ಹೊಸೆದ. ಬೇರೆ ಕೊಲೆಗಳನ್ನು ಇನ್ನೂ ತೆಗೆದಿರಲಿಲ್ಲವಾದ್ದರಿಂದ ನಡೆಯಿತು. ಅವ್ವನ ಮೇಲ್ವಿಚಾರಣೆಯಲ್ಲೇ ಅವಳ ಹೆಣ ಸಿದ್ಧವಾಯಿತು. ಬೆನ್ನಿಗೆ ಗೋಡೆ, ಹಣೆ ತೋಳಿಗೆ ವಿಭೂತಿ, ಗಲ್ಲಕ್ಕೆ ಬಿಳಿ ಬಟ್ಟೆಯ ಕಟ್ಟು, ಕೊರಳಿಗೆ ಸೇವಂತಿಗೆ ಹಾರ, ಮುಂದೆ ದೀಪ, ಊದಿನಕಡ್ಡಿ. ಕಣ್ಣು ಮುಚ್ಚಿ ಕುಳಿತಾಗ, ಸುಳ್ಳು ಹೇಳುವುದಿಲ್ಲ, ನಾನು ಮುಖ ತಿರುಗಿಸಿದೆ. ಅವ್ವ ಒಂದು ದಿನ ಹೀಗೇ ಕೂರುತ್ತಾಳಲ್ಲ ಎನ್ನಿಸಿತು.

ಚಿತ್ರೀಕರಣದ ಸುದ್ದಿ ಹೊರಗೆ ಹೋಗಬಾರದು, ಮನೆಯೊಳಗಿದ್ದವರೆಲ್ಲ ಫೋನು ಆಫ್ ಮಾಡಬೇಕು ಎಂದು ಕಟ್ಟಪ್ಪಣೆಯಾಯಿತು. ಮಾಡಿದೆವು. ಪಕ್ಕದ ಮನೆಯ ಗಿರಿಜಕ್ಕ ಮಾತ್ರ ಮನೆಯೊಳಗಿರಲಿಲ್ಲ. ತನ್ನ ಮಾಳಿಗೆ ಹತ್ತಿ, ನಮ್ಮ ಮಾಳಿಗೆಗೆ ದಾಟಿ, ಬೆಳಕಿಂಡಿಯಿಂದ ಬಗ್ಗಿ ನೋಡುತ್ತಿದ್ದಳು. ಮೇಲಿನಿಂದ ನೋಡಿದರೆ ಕ್ಯಾಮೆರಾ ಕಾಣುವುದಿಲ್ಲ, ದೀಪದವರು ಕಾಣುವುದಿಲ್ಲ, ಹಾರ ಹಾಕಿಕೊಂಡ ಅವ್ವ ಒಬ್ಬಳೇ ಕಾಣುತ್ತಾಳೆ. ಎಷ್ಟು ಚೆಂದ ಕಂಡಳೋ ಏನೋ, ಒಂದು ಫೋಟೋ ಹೊಡೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಬಿಟ್ಟಳು. "ಸಿನಿಮಾ ಅಂತ ಒಂದು ಮಾತು ಬರೀಬಾರ್ದಿತ್ತಾ ಗಿರಿಜಕ್ಕ?" ಎಂದು ಆಮೇಲೆ ಕೇಳಿದ್ದಕ್ಕೆ, "ಸಿನಿಮಾದ ಇಷ್ಯ ಯಾರಿಗೂ ಹೇಳಬ್ಯಾಡಿ ಅಂದಿದ್ರಲ್ಲವ್ವ, ಅದಕ್ಕೇ ಬರೀಲಿಲ್ಲ" ಎಂದಳು. ಅಪ್ಪಣೆ ಮೀರದ ಹೆಂಗಸು.

ಫೋಟೋ ನೆಂಟರಿಂದ ನೆಂಟರಿಗೆ ಹೋಯಿತು. ನೋಡಿದವರು ನಮಗೆ ಫೋನು ಮಾಡಿದರೆ ನನ್ನದೂ ಆಫ್, ತಮ್ಮನದೂ ಆಫ್. ಸಾವಿನ ಮನೆಯಲ್ಲಿ ಇನ್ನೇನಾಗುತ್ತದೆ? ಭೀಮಸಮುದ್ರದ ನೆಂಟರೊಬ್ಬರು ಬೈಕಿನ ಹ್ಯಾಂಡಲ್ಲಿಗೆ ಹಾರ ತೂಗಿಸಿಕೊಂಡು ಬಂದೇಬಿಟ್ಟರು. ಅವರ ಹಿಂದೆ ಇನ್ನೊಂದಿಷ್ಟು ಜನ. ಸುತ್ತ ನಿಲ್ಲಲು ಊರವರನ್ನು ಒಟ್ಟು ಮಾಡುತ್ತಿದ್ದ ಸಹಾಯಕ ನಿರ್ದೇಶಕ ಇವರನ್ನೂ ಪಾತ್ರಧಾರಿಗಳೆಂದೇ ತಿಳಿದು, "ಹಾರ ಹಿಡಿದೋರು ಎಡಕ್ಕೆ ಬನ್ನಿ, ಮುಖ ಇನ್ನೂ ಸ್ವಲ್ಪ ಸಪ್ಪಗೆ ಇರಲಿ" ಎಂದು ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದ. ಊರಲ್ಲಿ ಸಾವಿಗೆ ಹೊಸ ಪದ್ಧತಿ ಬಂದಿರಬೇಕು ಎಂದುಕೊಂಡು ಅವರೂ ನಿಂತರು. ನಾನು ಒಳಗೆ ಕ್ಯಾಮೆರಾದ ಹಿಂದೆ ಅವ್ವನ ನೀರಿನ ಚೊಂಬು ಹಿಡಿದು ನಿಂತಿದ್ದೆ. ಇದೊಂದೂ ನನಗೆ ಗೊತ್ತಿಲ್ಲ.

ದೃಶ್ಯ ಶುರುವಾಯಿತು. ಪತ್ತೇದಾರ ಒಳಗೆ ಬರುತ್ತಾನೆ, ಮುದುಕಿಯ ಮುಂದೆ ಮಂಡಿಯೂರುತ್ತಾನೆ. ಹಿಂದೆ ಊರಿನ ಜನ ಒಬ್ಬೊಬ್ಬರಾಗಿ ಬಂದು ನಿಲ್ಲಬೇಕು. ಹಾಗೆ ಬಂದವರ ನಡುವಿನಿಂದ ಒಬ್ಬ ಮುದುಕ, ಬಟ್ಟೆ ಅಂಗಡಿಯ ಚೀಲವನ್ನು ಎದೆಗೆ ಒತ್ತಿಕೊಂಡು, ಎಲ್ಲರನ್ನೂ ದಾಟಿ ಮುಂದೆ ಬಂದ. ತಿಪ್ಪೇಶ ಮಾವ.

ದೀಪ, ಕ್ಯಾಮೆರಾ, ಜನ, ಯಾವುದೂ ಅವನ ಕಣ್ಣಿಗೆ ಬಿದ್ದಂತಿರಲಿಲ್ಲ. ಗೋಡೆಗೊರಗಿದ್ದ ಅಕ್ಕನ ಮುಂದೆ ಕುಸಿದು ಕೂತ.

"ಅಕ್ಕಾ, ಬಂದೀನಿ ಕಣಕ್ಕ. ನಾನೇ ಬರಬೋದಿತ್ತು. ಕಾಲು ಮುರಿದಿತ್ತಾ ನಂದು? ನೀನು ಕರೀಲಿ ಕರೀಲಿ ಅಂತ ಕುಂತೆ. ದಿನಾ ಹೊಳಲ್ಕೆರೆ ಬಸ್ಸು ಬಂದಾಗ ಯಾರಿಳಿತಾರೆ ಅಂತ ನೋಡ್ತಿದ್ದೆ ಕಣಕ್ಕ. ನಿನ್ನ ಕೈಯಾಗೆ ಉಂಡು ಬೆಳೆದೋನು, ನಿನ್ನ ಜೊತೆ ಹಟ ಮಾಡಿದೆ. ಅವ್ವ ಹೋದ ಮ್ಯಾಲೆ ನೀನೇ ಅಲ್ವಾ ನಂಗೆ ಅವ್ವ?"

ಚೀಲದಿಂದ ಸೀರೆ ತೆಗೆದು, ಮಡಿಕೆ ಬಿಚ್ಚಿ, ಅವಳ ಭುಜದ ಮೇಲಿಂದ ಹೊದಿಸಿದ. ಹಸಿರು ಸೀರೆ, ಕೆಂಪು ಅಂಚು. ಸರಿಯಾಗಿ ಹೊದಿಸಲಾಗದೆ ಮತ್ತೆ ಮತ್ತೆ ಎಳೆದು ಸರಿಮಾಡುತ್ತಿದ್ದ. ಇದು ಸಿನಿಮಾ ಎಂದು ಕೂಗಿ ಹೇಳಬೇಕೆನ್ನಿಸಿತು. ಇಷ್ಟು ಜನರೆದುರು ಅವನಿಗೆ ಅವಮಾನವಾದರೆ ಮತ್ತೆಂದೂ ಬರಲಾರ ಎಂದು ಹೆದರಿ ನಿಂತುಬಿಟ್ಟೆ. ಪತ್ತೇದಾರನ ಪಾತ್ರದವನು ಏನು ಮಾಡಬೇಕೋ ತಿಳಿಯದೆ ನಿರ್ದೇಶಕನ ಕಡೆ ನೋಡಿದ. ನಿರ್ದೇಶಕ ಬಾಯಿ ತೆರೆದವನು ಕಟ್ ಎನ್ನುವುದನ್ನೇ ಮರೆತಿದ್ದ. ಅವ್ವ ಕಣ್ಣು ಬಿಡಲಿಲ್ಲ. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿದು ಗಲ್ಲದ ಕಟ್ಟನ್ನು ತೋಯಿಸುತ್ತಿತ್ತು. "ಆವಾಗ್ಲೇ ಕಣ್ಣು ಬಿಡಬಾರ್ದಾ?" ಎಂದು ನಾನು ಆಮೇಲೆ ಬೈದಿದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಬಿಟ್ಟಿದ್ರೆ ಅವನು ಮಾತು ನಿಲ್ಲಿಸ್ತಿದ್ದ. ಇಷ್ಟು ವರ್ಷ ಕಾದಿದ್ದ ಮಾತು, ಪೂರ್ತಿ ಕೇಳಬ್ಯಾಡ್ವಾ?"

ಮಾವನಿಗೆ ಮಾತು ಮುಗಿದು ಬರೀ ಅಳು ಉಳಿದಾಗ ಅವ್ವ ಗಲ್ಲದ ಕಟ್ಟನ್ನು ಸರಿಸಿ, ಮೆಲ್ಲಗೆ "ತಿಪ್ಪೇಶೀ" ಎಂದಳು.

ಪಡಸಾಲೆಯಲ್ಲಿದ್ದ ಭೀಮಸಮುದ್ರದವರು ಕಿರುಚಿದರು. ಮಾವ ಹಿಂದಕ್ಕೆ ಬಿದ್ದ. ನಾನು ಓಡಿ ಹೋಗಿ ಅವನನ್ನು ಹಿಡಿದುಕೊಂಡು, ಸಿನಿಮಾ ಮಾವ, ಬರೀ ಸಿನಿಮಾ ಎಂದು ಹೇಳಿದ್ದೇ ಹೇಳಿದ್ದು. ಅವನು ದೀಪಗಳನ್ನು ನೋಡಿದ, ಕ್ಯಾಮೆರಾ ನೋಡಿದ, ಸಾಲಾಗಿ ನಿಂತ ಜನರನ್ನು ನೋಡಿದ. ಅಳುತ್ತಿದ್ದ ಮುಖ ನಿಧಾನವಾಗಿ ಗಟ್ಟಿಯಾಯಿತು. ಎದ್ದು ನಿಂತ.

"ನಾಟಕ ಮಾಡಿ ಕರೆಸ್ಕಂಡ್ರಾ ನನ್ನ?"

ಮತ್ತೆ ಮದುವೆಮನೆಯ ಬಾಗಿಲಿನಿಂದ ತಿರುಗಿದ ಹಾಗೇ ತಿರುಗುತ್ತಾನೆ, ಈ ಸಲ ಹೋದರೆ ಮುಗಿಯಿತು ಎಂದುಕೊಂಡೆ. ಅವನು ಬಗ್ಗಿ ಸೀರೆಯ ಸೆರಗು ಹಿಡಿದು ಎಳೆದ.

"ಕೊಡು ಇತ್ಲಾಗೆ. ಹೆಣಕ್ಕೆ ತಂದಿದ್ದು, ಬದುಕಿರೋರ ಮೈಮ್ಯಾಲೆ ಇರಬಾರ್ದು."

ಅವ್ವ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಹೆಣಕ್ಕೆ ತಂದ್ಯೋ, ಅಕ್ಕನಿಗೆ ತಂದ್ಯೋ?"

ಮಾವ ಸೆರಗನ್ನು ಬಿಡಲಿಲ್ಲ.

"ಹೇಳೋ."

"ಅಕ್ಕನಿಗೆ" ಎಂದ, ನೆಲ ನೋಡುತ್ತ.

"ಹಂಗಾದ್ರೆ ಕೈ ಬಿಡು."

ಬಿಟ್ಟ. ಅವ್ವ ಹಾರ ತೆಗೆದಿಟ್ಟು, ಗೋಡೆ ಹಿಡಿದು ಎದ್ದು, ಸೀರೆಯನ್ನು ಬಾಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಂಗಸರು ಬೇಡ ಬೇಡವೆಂದು ಬಾಗಿಲು ಬಡಿದರು. ತೆಗೆಯಲಿಲ್ಲ. ತೆಗೆದಾಗ ಆ ಹಸಿರು ಸೀರೆ ಉಟ್ಟು, ಹಣೆಯ ವಿಭೂತಿಯನ್ನು ಹಾಗೇ ಬಿಟ್ಟು, ಮದುವೆಗೆ ಹೊರಟವಳಂತೆ ನಿಂತಿದ್ದಳು. "ಕುಂತ್ಕ ಬಾರೋ, ರೊಟ್ಟಿ ಹಾಕ್ತೀನಿ" ಎಂದಳು. ಮಾವ ಕೂತ. ಪಡಸಾಲೆಯ ಕಂಬಕ್ಕೊರಗಿ, ತಟ್ಟೆ ಮುಂದಿಟ್ಟುಕೊಂಡು, ತುತ್ತು ಬಾಯಿಗಿಡಲಾರದೆ ಮತ್ತೆ ಅತ್ತ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ.

ನಿರ್ದೇಶಕನಿಗೆ ಮಾತ್ರ ಸಂಕಟ. ಬಂದು ಕೈಮುಗಿದ.

"ಅಜ್ಜಿ, ಇನ್ನೊಂದೇ ಒಂದು ಸಲ ಸಾಯಬೇಕು. ಹೆಣದ ಕಣ್ಣಲ್ಲಿ ನೀರು ಬಂದುಬಿಟ್ಟಿದೆ."

"ಈ ಸೀರೆ ಉಟ್ಕಂಡು ನಾನು ಸಾಯಲ್ಲ" ಎಂದಳು ಅವ್ವ, ರೊಟ್ಟಿ ಬಡಿಯುತ್ತ.

"ಹಳೇ ಸೀರೆ ಉಟ್ಕೊಳ್ಳಿ ಅಜ್ಜಿ."

"ಇದನ್ನ ಇವತ್ತು ಬಿಚ್ಚದೂ ಇಲ್ಲ. ಉಂಡು ಹೋಗು, ಕುಂತ್ಕ."

ಅವನೂ ಕೂತು ಉಂಡ. ಉಣ್ಣುತ್ತ ಉಣ್ಣುತ್ತ ಕಥೆ ತಿದ್ದಿದ, ಉಳಿದದ್ದನ್ನು ಮರುದಿನ ತೆಗೆದ. ಸಿನಿಮಾ ಬಿಡುಗಡೆಯಾದಾಗ ಚಿತ್ರದುರ್ಗದಲ್ಲಿ ಮನೆಮಂದಿಯೆಲ್ಲ ಹೋದೆವು. ಅವ್ವನ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಮಾವ. ಪತ್ತೇದಾರ ನಮ್ಮ ನಡುಮನೆಗೆ ಬಂದು ಮಂಡಿಯೂರುತ್ತಾನೆ. ಮುದುಕಿಯ ಮುಚ್ಚಿದ ಕಣ್ಣಿನಿಂದ ಒಂದು ಹನಿ ಇಳಿಯುತ್ತದೆ. ಅದನ್ನು ಕಂಡವನೇ "ಬದುಕಿದ್ದಾಳೆ!" ಎಂದು ಕೂಗಿ ಅವಳನ್ನು ಎತ್ತಿಕೊಂಡು ಓಡುತ್ತಾನೆ. ಇಡೀ ಸಿನಿಮಾದಲ್ಲಿ ಅವನು ಉಳಿಸಿಕೊಂಡದ್ದು ಅವಳೊಬ್ಬಳನ್ನೇ. ಥಿಯೇಟರೆಲ್ಲ ಶಿಳ್ಳೆ ಹೊಡೆಯಿತು.

ಮಾವ ಶಲ್ಯದಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಅವ್ವ ಕತ್ತಲಲ್ಲಿ ಅವನ ಕೈ ತಡಕಿ ಹಿಡಿದುಕೊಂಡಳು.

"ಲೇ, ಅಳಬ್ಯಾಡ. ಇಲ್ಲೇ ಕುಂತೀನಲ್ಲೋ."